ಪರದೆಯಾಚೆಯ ರೋಗಿ: ವಿಡಿಯೋ ಕರೆಯಲ್ಲಿ ರೋಲ್‌ಪ್ಲೇ ಮಾಡಿಸಿ ಕಲಿಸುವುದು, ಅಂಕ ಕೊಡುವುದು ಹೇಗೆ?

ಇನ್ಸುಲಿನ್ ಬಗ್ಗೆ ಪ್ರಶ್ನೆ ಕೊಟ್ಟರೆ ನರ್ಸಿಂಗ್ ವಿದ್ಯಾರ್ಥಿಗಳು ಪುಟಗಟ್ಟಲೆ ಬರೆಯುತ್ತಾರೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಚುಚ್ಚುವ ಜಾಗ ಬದಲಿಸುತ್ತಿರಬೇಕು, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು, ಎಲ್ಲವೂ ಬಾಯಿಪಾಠ. ಅದೇ ವಿದ್ಯಾರ್ಥಿಯನ್ನು ಮನೆಯಲ್ಲಿ ಫ್ರಿಜ್ ಇಲ್ಲದ, ಓದು ಬಾರದ ಒಬ್ಬ ಅಜ್ಜಿಯ ಮುಂದೆ ಕೂರಿಸಿ. ಒಂದೋ ಮಾತೇ ಹೊರಡುವುದಿಲ್ಲ, ಇಲ್ಲಾಂದ್ರೆ ಪುಸ್ತಕ ಓದಿದ ಹಾಗೆ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಅಜ್ಜಿ ತಲೆ ಆಡಿಸುತ್ತಾಳೆ. ಮನೆಗೆ ಹೋಗಿ ಮೊದಲು ಹೇಗೆ ಮಾಡುತ್ತಿದ್ದಳೋ ಹಾಗೇ ಮಾಡುತ್ತಾಳೆ.

ರೋಗಿಯ ಜೊತೆ ಮಾತಾಡುವ ಈ ಕೌಶಲವನ್ನು ಕಲಿಸಲು ರೋಲ್‌ಪ್ಲೇ (ಒಬ್ಬರಿಂದ ರೋಗಿಯ ಪಾತ್ರ ಮಾಡಿಸಿ ವಿದ್ಯಾರ್ಥಿಯನ್ನು ಮಾತಾಡಿಸುವುದು) ಹಳೆಯ ದಾರಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು 1963ರಲ್ಲೇ ಆರೋಗ್ಯವಂತರಿಗೆ ತರಬೇತಿ ಕೊಟ್ಟು ರೋಗಿಯ ಪಾತ್ರ ಮಾಡಿಸಿದ್ದರು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಅವರು 1975ರಲ್ಲಿ ಪ್ರಕಟಿಸಿದ ಆಸ್ಕಿ (OSCE) ಪರೀಕ್ಷೆ ನಮ್ಮ ಮೆಡಿಕಲ್, ನರ್ಸಿಂಗ್ ಕಾಲೇಜುಗಳಲ್ಲಿ ಈಗ ಎಲ್ಲರಿಗೂ ಗೊತ್ತು: ಗಂಟೆ ಹೊಡೆದಾಗ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುವುದು, ಪ್ರತಿ ಕಡೆ ಒಂದು ಕೆಲಸ ಮಾಡಿ ತೋರಿಸುವುದು. 2020ರಲ್ಲಿ ಕಾಲೇಜು ಮುಚ್ಚಿದಾಗ ಇದೆಲ್ಲ ವಿಡಿಯೋ ಕರೆಗೆ ಬಂತು. ಕಾಲೇಜು ತೆರೆದ ಮೇಲೆ ಬಹಳ ಜನ ಅದನ್ನು ಬಿಟ್ಟುಬಿಟ್ಟರು. ಬಿಡಬಾರದಿತ್ತು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಪರದೆಯ ಮೇಲೆ ರೋಗಿಯ ಜೊತೆ ಮಾತಾಡುವುದೇ ಈಗ ನಿಜವಾದ ಕೆಲಸ. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ಹೊರಡಿಸಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತು ಸರ್ಕಾರದ ಇ-ಸಂಜೀವಿನಿ ಆನ್‌ಲೈನ್ ಸೇವೆಯಲ್ಲಿ ದೂರದ ಡಾಕ್ಟರನ್ನು ಕಾಣುವುದು ಈಗ ಹೊಸದೇನಲ್ಲ.

ಇಲ್ಲಿ ಇನ್ಸುಲಿನ್ ಸಲಹೆಯ ಒಂದೇ ಪ್ರಕರಣ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ನೀವು ಫಾರ್ಮಸಿ ಕಲಿಸುವವರಿರಲಿ, ಕಕ್ಷಿದಾರರ ಜೊತೆ ಮಾತಾಡಲು ಲಾ ವಿದ್ಯಾರ್ಥಿಗಳನ್ನು ತಯಾರು ಮಾಡುವವರಿರಲಿ, ಪ್ರಕರಣ ಬದಲಿಸಿಕೊಂಡರೆ ಸಾಕು.

1. ಪರದೆಯ ಮೇಲೆ ಕಾಣುವ ಕೆಲಸವನ್ನೇ ಆರಿಸಿ

ಇಂಜೆಕ್ಷನ್ ಚುಚ್ಚುವುದು, ನಾಡಿ ಹಿಡಿಯುವುದು, ಗಾಯ ಕಟ್ಟುವುದು ಇವನ್ನೆಲ್ಲ ವಿಡಿಯೋದಲ್ಲಿ ಅಳೆಯಲು ಹೋಗಬೇಡಿ. ಅದು ಸ್ಕಿಲ್ ಲ್ಯಾಬಿನಲ್ಲಿ, ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಆಗಬೇಕಾದದ್ದು. ಪರದೆಗೆ ಒಗ್ಗುವುದು ಕೇಳುವ, ವಿವರಿಸುವ, ಮನವೊಲಿಸುವ, ಕೆಟ್ಟ ಸುದ್ದಿ ತಿಳಿಸುವ, ಫೋನಿನಲ್ಲಿ ಡಾಕ್ಟರಿಗೆ ವರದಿ ಒಪ್ಪಿಸುವ ಕೆಲಸಗಳು.

ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಸಂವಹನ ಕೌಶಲ" ಅಂತ ಬರೆದರೆ ಉಪಯೋಗವಿಲ್ಲ, ಅದಕ್ಕೆ ಅಂಕ ಕೊಡಲು ಆಗುವುದಿಲ್ಲ. "ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೂ ಸಕ್ಕರೆ ಇಳಿಯದ ರೋಗಿಯ ಜೊತೆ 8 ನಿಮಿಷ ವಿಡಿಯೋದಲ್ಲಿ ಮಾತಾಡಿ, ಯಾಕೆ ಇಳಿಯುತ್ತಿಲ್ಲ ಅಂತ ಕಂಡುಹಿಡಿದು, ಮುಂದೆ ಏನು ಮಾಡಬೇಕೆಂದು ರೋಗಿಗೆ ಅರ್ಥವಾಗುವಂತೆ ಹೇಳುವುದು." ಇದಾದರೆ ಆದೀತು.

2. ಕಥೆಯಲ್ಲಿ ಒಂದು ಗುಟ್ಟು ಇರಲಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ರೋಲ್‌ಪ್ಲೇ ಸಪ್ಪೆಯಾಗುವುದು ವಿದ್ಯಾರ್ಥಿಗಳಿಂದಲ್ಲ, ಕಥೆಯಿಂದ. "ನೀವು ನರ್ಸ್, ಇವರು ಶುಗರ್ ಪೇಷಂಟ್, ಮಾತಾಡಿ" ಎಂದರೆ ವಿದ್ಯಾರ್ಥಿ ಭಾಷಣ ಮಾಡುತ್ತಾನೆ, ರೋಗಿ ಹೂಂಗುಟ್ಟುತ್ತಾನೆ. ರೋಗಿಯ ಹತ್ತಿರ ವಿದ್ಯಾರ್ಥಿಗೆ ಗೊತ್ತಿಲ್ಲದ ವಿಷಯ ಒಂದಿದ್ದರೆ ಮಾತ್ರ ವಿದ್ಯಾರ್ಥಿ ಕೇಳಲು ಶುರು ಮಾಡುತ್ತಾನೆ.

ನಮ್ಮ ಪಾತ್ರಕ್ಕೆ ಶಾಂತಮ್ಮ ಎಂದು ಹೆಸರಿಡೋಣ. 58 ವರ್ಷ, ಚಳ್ಳಕೆರೆ ಕಡೆಯ ಒಂದು ಹಳ್ಳಿ. ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್. 20 ಯೂನಿಟ್ ಇದ್ದದ್ದನ್ನು ಹೋದ ತಿಂಗಳು ಡಾಕ್ಟರು 30ಕ್ಕೆ ಏರಿಸಿದ್ದಾರೆ. ಆದರೂ ಸಕ್ಕರೆ 300ರ ಮೇಲೇ ಇದೆ. ವಿದ್ಯಾರ್ಥಿಗೆ ಕೊಡುವ ಚೀಟಿಯಲ್ಲಿ ಇಷ್ಟೇ ಇರುತ್ತದೆ.

ಗುಟ್ಟು ಸಿರಿಂಜಿನಲ್ಲಿದೆ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಯು-40, ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಎಂ.ಎಲ್.ಗೆ 100 ಯೂನಿಟ್ ಇರುವ ಯು-100 ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ಎರಡು ತಿಂಗಳ ಹಿಂದೆ ಮೆಡಿಕಲ್ ಶಾಪಿನಲ್ಲಿ ಕೆಂಪು ಮುಚ್ಚಳದ್ದು ಇರಲಿಲ್ಲ, ಕಿತ್ತಳೆಯದ್ದು ಕೊಟ್ಟರು. ಶಾಂತಮ್ಮ ಮೊದಲಿನ ಹಾಗೇ 20ರ ಗೆರೆಗೆ ಎಳೆದುಕೊಂಡರು. ಲೆಕ್ಕ ಹಾಕಿ: ಕಿತ್ತಳೆ ಸಿರಿಂಜಿನ 20ರ ಗೆರೆ ಅಂದರೆ 0.2 ಎಂ.ಎಲ್. ಅದರಲ್ಲಿ ಯು-40 ಇನ್ಸುಲಿನ್ ಇರುವುದು ಬರೀ 8 ಯೂನಿಟ್. ಸಕ್ಕರೆ ಏರಿತು. ಡಾಕ್ಟರು 30 ಮಾಡಿದರು. ಈಗ ಮೈಗೆ ಹೋಗುತ್ತಿರುವುದು 12.

ಈ ಕಥೆಯಲ್ಲಿ ಒಂದು ಕೊಕ್ಕೆಯೂ ಇದೆ. ಸಿರಿಂಜ್ ತಪ್ಪು ಅಂತ ಕಂಡುಹಿಡಿದ ಚುರುಕಾದ ವಿದ್ಯಾರ್ಥಿ ಖುಷಿಯಿಂದ "ಅಮ್ಮ, ಇವತ್ತೇ ಕೆಂಪು ಮುಚ್ಚಳದ್ದು ತಗೊಂಡು 30 ಹಾಕ್ಕೊಳ್ಳಿ" ಎಂದುಬಿಡುತ್ತಾನೆ. ಆಗ 12 ಇದ್ದದ್ದು ಒಂದೇ ಏಟಿಗೆ 30 ಆಗುತ್ತದೆ. ಆ 30 ಡೋಸ್ ಬಂದದ್ದೇ ತಪ್ಪು ಸಿರಿಂಜಿನ ಮೇಲೆ. ರಾತ್ರಿ ಸಕ್ಕರೆ ಧಡಕ್ಕನೆ ಇಳಿಯಬಹುದು. ಸರಿಯಾದ ಉತ್ತರ: ಈ ಸಿರಿಂಜ್ ನಿಲ್ಲಿಸಬೇಕು, ರಾತ್ರಿಯ ಡೋಸಿಗೆ ಮುಂಚೆಯೇ ಡಾಕ್ಟರಿಗೆ ಈ ವಿಷಯ ಮುಟ್ಟಿಸಿ ಎಷ್ಟು ಯೂನಿಟ್ ಅಂತ ಕೇಳಬೇಕು, ನರ್ಸ್ ತಾನೇ ಡೋಸ್ ಹೇಳಬಾರದು. ಬಾಯಿಪಾಠದಲ್ಲಿ ಇದು ಸಿಗುವುದಿಲ್ಲ, ಅಲ್ವಾ?

ಪಾತ್ರಧಾರಿಗೆ ಕೊಡುವ ಹಾಳೆಯನ್ನು ಮೂರು ಭಾಗ ಮಾಡಿ. ತಾನಾಗಿಯೇ ಹೇಳುವುದು: "ಸುಸ್ತು ಸಿಸ್ಟರ್, ರಾತ್ರಿ ನಾಕೈದು ಸಲ ಏಳ್ತೀನಿ." ಕೇಳಿದರೆ ಹೇಳುವುದು: ಊಟ ಏನು, ಬಾಟಲಿ ಎಲ್ಲಿಡುತ್ತಾರೆ (ನೀರು ಹಾಕಿದ ಮಣ್ಣಿನ ಕುಡಿಕೆಯಲ್ಲಿ, ಫ್ರಿಜ್ ಇಲ್ಲ). ತೋರಿಸಿ ಎಂದರೆ ಮಾತ್ರ ಹೊರಬರುವುದು: ಸಿರಿಂಜ್. "ಸರಿಯಾಗಿ ತಗೋತಿದ್ದೀರಾ?" ಅಂತ ಕೇಳಿದರೆ ಶಾಂತಮ್ಮನ ಉತ್ತರ ಯಾವಾಗಲೂ ಒಂದೇ: "ಹೂಂ, ಡಾಕ್ಟ್ರು ಹೇಳ್ದಂಗೇ ತಗೋತೀನಿ." ಅದು ಸುಳ್ಳೂ ಅಲ್ಲ. ಹೌದು-ಇಲ್ಲ ಪ್ರಶ್ನೆಗೆ ಗುಟ್ಟು ಬಿಟ್ಟುಕೊಡಬಾರದು ಅಂತ ಪಾತ್ರಧಾರಿಗೆ ಒತ್ತಿ ಹೇಳಿ. "ನೀವು ಹೇಗೆ ಎಳ್ಕೋತೀರಿ, ಒಂದ್ಸಲ ಕ್ಯಾಮೆರಾ ಮುಂದೆ ಮಾಡಿ ತೋರಿಸ್ತೀರಾ ಅಮ್ಮ?" ಎಂದಾಗ ಶಾಂತಮ್ಮ ಎದ್ದು ಹೋಗಿ ಡಬ್ಬಿ ತಂದು, ಕಿತ್ತಳೆ ಮುಚ್ಚಳ ಕಾಣುವ ಹಾಗೆ ಹಿಡಿಯುತ್ತಾರೆ. ವಿಡಿಯೋ ಕರೆಯ ಲಾಭವೂ ಇದೇ. ಆಸ್ಪತ್ರೆಗೆ ಬರುವಾಗ ರೋಗಿ ಸಿರಿಂಜ್ ತಂದಿರುವುದಿಲ್ಲ, ಮನೆಯಲ್ಲಿ ಅದು ಕೈಗೆ ಸಿಗುವಷ್ಟು ಹತ್ತಿರ.

ಒಂದು ಕಥೆಗೆ ಒಂದೇ ಗುಟ್ಟು. ಗಂಡನ ಕುಡಿತ, ಮಗಳ ಮದುವೆ, ಸಾಲ ಎಲ್ಲ ಸೇರಿಸಿ ಧಾರಾವಾಹಿ ಮಾಡಿದರೆ 8 ನಿಮಿಷದಲ್ಲಿ ಯಾವುದೂ ದಡ ಸೇರುವುದಿಲ್ಲ.

3. ರೋಗಿ ಯಾರಾಗಬೇಕು?

ಸಹಪಾಠಿ ಬೇಡ. ಗೆಳತಿಗೆ ಕಷ್ಟವಾಗುತ್ತಿದೆ ಅಂತ ಗೊತ್ತಾದ ತಕ್ಷಣ ಗುಟ್ಟು ಬಿಟ್ಟುಕೊಡುತ್ತಾರೆ. ಅಭ್ಯಾಸಕ್ಕೆ ಪರವಾಗಿಲ್ಲ, ಅಂಕಕ್ಕೆ ಆಗುವುದಿಲ್ಲ. ಊರಿನ ಹವ್ಯಾಸಿ ನಾಟಕ ತಂಡದವರು, ನಿವೃತ್ತ ಶಿಕ್ಷಕಿಯರು, ಕಾಲೇಜಿನ ಆಫೀಸಿನ ಅಕ್ಕಂದಿರು ಒಳ್ಳೆಯ ರೋಗಿಗಳಾಗುತ್ತಾರೆ. ನಾಟಕದವರಿಗೆ ಒಂದು ಮಾತು ಮೊದಲೇ ಹೇಳಬೇಕು: ಅಳು ಬೇಡ, ಅಭಿನಯ ಕಡಿಮೆ ಮಾಡಿ. ಹತ್ತನೇ ವಿದ್ಯಾರ್ಥಿಗೂ ಮೊದಲನೆಯವನಿಗೆ ಸಿಕ್ಕ ರೋಗಿಯೇ ಸಿಗಬೇಕು. ಸಂಜೆ ಹೊತ್ತಿಗೆ ಶಾಂತಮ್ಮನಿಗೆ ಬೇಜಾರಾಗಿ ಸಿರಿಂಜನ್ನು ತಾನಾಗಿಯೇ ತೋರಿಸಿಬಿಟ್ಟರೆ ಕೊನೆಯ ತಂಡಕ್ಕೆ ಪುಕ್ಕಟೆ ಅಂಕ.

ತರಬೇತಿಗೆ ಒಂದು ಮಧ್ಯಾಹ್ನ ಮೀಸಲಿಡಿ. ಹಾಳೆ ಓದಿಸಿ, ನೀವೇ ಕೆಟ್ಟ ವಿದ್ಯಾರ್ಥಿಯಾಗಿ ಮಾತಾಡಿ, ಆಮೇಲೆ ಒಳ್ಳೆಯ ವಿದ್ಯಾರ್ಥಿಯಾಗಿ ಮಾತಾಡಿ. ಇಬ್ಬರು ಪಾತ್ರಧಾರಿಗಳಿದ್ದರೆ ಒಬ್ಬರದ್ದು ಇನ್ನೊಬ್ಬರು ನೋಡಲಿ.

ಭಾಷೆಯನ್ನು ಪಾತ್ರಧಾರಿಗೇ ಬಿಡಿ. ಹಾಳೆಯಲ್ಲಿ "ಆಯಾಸ, ಅತಿಯಾದ ಬಾಯಾರಿಕೆ" ಅಂತಿದ್ದರೆ ಅದನ್ನೇ ಓದಿಸಬಾರದು. ಚಿತ್ರದುರ್ಗದ ಕಡೆಯವರು ಅವರ ಹಾಗೆ, ಕಲಬುರಗಿಯವರು ಅವರ ಹಾಗೆ, ಮಂಗಳೂರಿನವರು ಅವರ ಹಾಗೆ ಹೇಳಲಿ. ಕೇರಳದಿಂದ, ಈಶಾನ್ಯದಿಂದ ಬಂದು ಇಲ್ಲಿ ನರ್ಸಿಂಗ್ ಓದುವ ಮಕ್ಕಳು ತುಂಬ ಇದ್ದಾರೆ. ಅವರಿಗೆ "ಜೀವ ಕಸಿವಿಸಿ ಆಗ್ತದೆ" ಅಂದರೆ ಏನು ಅಂತ ಕೇಳಿ ತಿಳಿದುಕೊಳ್ಳುವುದೇ ಅರ್ಧ ಪಾಠ. "ನಂಗೆ ಅರ್ಥ ಆಗ್ಲಿಲ್ಲ ಅಮ್ಮ, ಇನ್ನೊಂದ್ಸಲ ಹೇಳಿ" ಎಂದದ್ದಕ್ಕೆ ಅಂಕ ಕಳೆಯಬೇಡಿ. ಅರ್ಥವಾದವರ ಹಾಗೆ ಮುಂದೆ ಹೋಗುವವರದ್ದೇ ನಿಜವಾದ ತೊಂದರೆ.

4. ತಾಂತ್ರಿಕ ತಯಾರಿ

ಜೂಮ್‌ನ ಬ್ರೇಕೌಟ್ ರೂಮ್ (ಒಂದೇ ಕರೆಯೊಳಗಿನ ಬೇರೆಬೇರೆ ಕೋಣೆ) ಸಾಕು. ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಡಿದುಹೋಗುತ್ತದೆ, ಪರೀಕ್ಷೆಯ ದಿನ ಅದನ್ನು ನಂಬಬೇಡಿ. ರೋಗಿ, ಪರೀಕ್ಷಕರು ಒಂದು ರೂಮಿನಲ್ಲಿ ಕೂತೇ ಇರಲಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕಳಿಸಿ. ಪರೀಕ್ಷಕರ ಕ್ಯಾಮೆರಾ, ಮೈಕ್ ಎರಡೂ ಬಂದ್. ಸಮಯ ನೋಡಲು, ರೂಮಿಗೆ ಕಳಿಸಲು ಬೇರೆ ಒಬ್ಬರು ಬೇಕೇ ಬೇಕು. ಅಂಕ ಹಾಕುವವರೇ ಅದನ್ನೂ ಮಾಡಿದರೆ ಎರಡೂ ಕೆಡುತ್ತವೆ.

ನೆಟ್ ಹೋದರೆ ಏನು ಮಾಡಬೇಕು ಅಂತ ಮೊದಲೇ ಬರೆದು ಎಲ್ಲರಿಗೂ ಹಂಚಿ. ಹೀಗಿರಬಹುದು: ಗಡಿಯಾರ ನಿಲ್ಲಿಸುವುದು, ಎರಡು ನಿಮಿಷದೊಳಗೆ ಮತ್ತೆ ಬಂದರೆ ಅಲ್ಲಿಂದಲೇ ಮುಂದುವರಿಸುವುದು, ಬರದಿದ್ದರೆ ಆ ವಿದ್ಯಾರ್ಥಿಗೆ ಕೊನೆಯಲ್ಲಿ ಬೇರೆ ಕಥೆಯ ಹೊಸ ಅವಕಾಶ. ನೆಟ್‌ವರ್ಕ್ ಸರಿಯಿಲ್ಲದ ಊರಿನವರಿಗೆ ಕಾಲೇಜಿನಲ್ಲೇ ಒಂದು ಕೋಣೆ, ಒಂದು ಲ್ಯಾಪ್‌ಟಾಪ್ ಕೊಡಿ. ಬಡವರ ಮೊಬೈಲಿಗೆ ಅಂಕ ಕಡಿಮೆ ಬೀಳಬಾರದು.

ಸಾಮಾನು: ಖಾಲಿ ಯು-40 ಬಾಟಲಿ, ಎರಡೂ ಬಣ್ಣದ ಸಿರಿಂಜ್. ಸೂಜಿ ತೆಗೆಯಲು ಬರುವುದಿಲ್ಲವಾದರೆ ಮುಚ್ಚಳಕ್ಕೆ ಟೇಪ್ ಸುತ್ತಿ ಕೊಡಿ.

5. ಮೊದಲು ಅಭ್ಯಾಸ, ಆಮೇಲೆ ಪರೀಕ್ಷೆ

ಅಂಕವಿಲ್ಲದ ಎರಡು ಸುತ್ತಾದರೂ ಆಗಬೇಕು. ಪರದೆಯ ಮೇಲಿನ ಮಾತಿಗೆ ಅದರದ್ದೇ ಚಾಳಿಗಳಿವೆ. ಮಾತು ತಲುಪಲು ಸ್ವಲ್ಪ ಹೊತ್ತು ಬೇಕು, ಆದ್ದರಿಂದ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸುತ್ತಾರೆ. ಮೂರು ಸೆಕೆಂಡಿನ ಮೌನವೂ ಯುಗದ ಹಾಗೆ ಅನ್ನಿಸಿ ವಿದ್ಯಾರ್ಥಿ ತಾನೇ ಉತ್ತರ ತುಂಬಿಬಿಡುತ್ತಾನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಅಂತ ಹೇಳಿಕೊಡಿ. ತಲೆ ಬಗ್ಗಿಸಿ ಬರೆದುಕೊಳ್ಳುವಾಗ "ಬರ್ಕೋತಿದ್ದೀನಿ ಅಮ್ಮ, ಕೇಳಿಸ್ಕೋತಾ ಇದ್ದೀನಿ, ನೀವು ಹೇಳಿ" ಎನ್ನಬೇಕು. ಇಲ್ಲವಾದರೆ ಆಚೆ ಕಡೆಯವರಿಗೆ ಇವರು ಮೊಬೈಲ್ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಕರೆ ಶುರುವಾದ ಕೂಡಲೇ ಮೂರು ಕೆಲಸ ಮಾಡಿಸಿ: ತನ್ನ ಹೆಸರು, ಕೆಲಸ ಹೇಳುವುದು, ರೋಗಿಯ ಹೆಸರು, ವಯಸ್ಸು ಖಚಿತ ಮಾಡಿಕೊಳ್ಳುವುದು, "ಪಕ್ಕದಲ್ಲಿ ಯಾರಾದ್ರೂ ಇದ್ದಾರಾ, ಮಾತಾಡ್ಬಹುದಾ?" ಎಂದು ಕೇಳುವುದು. ಕೊನೆಯದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಆಸ್ಪತ್ರೆಯಲ್ಲಾದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಸೊಸೆ ಕ್ಯಾಮೆರಾದ ಹಿಂದೆಯೇ ನಿಂತಿರಬಹುದು.

6. ಅಂಕದ ಹಾಳೆ

ಒಂದೇ ಪುಟ ಇರಲಿ. ನಲವತ್ತು ಸಾಲಿನ ಚೆಕ್‌ಲಿಸ್ಟ್ ಹಿಡಿದ ಪರೀಕ್ಷಕರು ಹಾಳೆ ನೋಡುತ್ತಾರೆಯೇ ಹೊರತು ವಿದ್ಯಾರ್ಥಿಯನ್ನು ನೋಡುವುದಿಲ್ಲ. ವಿದ್ಯಾರ್ಥಿಗಳೂ ಟಿಕ್ ಬೀಳಿಸಿಕೊಳ್ಳುವ ಆಟ ಬೇಗ ಕಲಿಯುತ್ತಾರೆ: "ನಮಸ್ಕಾರ, ಹೇಗಿದ್ದೀರಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ", ಮುಗಿಯಿತು, ಅನುಕಂಪಕ್ಕೆ ಒಂದು ಅಂಕ.

ಶಾಂತಮ್ಮನ ಪ್ರಕರಣಕ್ಕೆ 20 ಅಂಕ ಇಟ್ಟರೆ ನಾನು ಹೀಗೆ ಹಂಚುತ್ತೇನೆ:

- ಪರಿಚಯ, ಖಚಿತಪಡಿಸಿಕೊಳ್ಳುವುದು, ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳುವುದು: 2
- ಇನ್ಸುಲಿನ್ ಎಳೆದುಕೊಳ್ಳುವುದನ್ನು ಮಾಡಿ ತೋರಿಸಲು ಕೇಳಿದ್ದು: 4
- ಬಾಟಲಿಗೂ ಸಿರಿಂಜಿಗೂ ಹೊಂದಾಣಿಕೆ ಇಲ್ಲ ಅಂತ ಗುರುತಿಸಿದ್ದು: 3
- ಡೋಸ್ ತಾನು ಹೇಳದೆ, ಮುಂದಿನ ಡೋಸಿಗೆ ಮುಂಚೆ ಡಾಕ್ಟರಿಗೆ ತಿಳಿಸುವ ಏರ್ಪಾಡು ಮಾಡಿದ್ದು: 4
- ರೋಗಿಯ ಬಾಯಲ್ಲೇ ವಾಪಸ್ ಹೇಳಿಸಿದ್ದು: 4
- ಪರೀಕ್ಷಕರ ಒಟ್ಟಾರೆ ಅಭಿಪ್ರಾಯ: 3

ವಾಪಸ್ ಹೇಳಿಸುವುದರ ಬಗ್ಗೆ ಸ್ವಲ್ಪ ಹೇಳಬೇಕು. "ಅರ್ಥ ಆಯ್ತಾ ಅಮ್ಮ?" ಎಂದದ್ದಕ್ಕೆ ಸೊನ್ನೆ. ಅದಕ್ಕೆ ನಮ್ಮ ಜನ ಯಾವಾಗಲೂ "ಆಯ್ತು" ಎನ್ನುತ್ತಾರೆ, ಮರ್ಯಾದೆಗೆ. "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು. ಮನೆಯವ್ರು ಕೇಳಿದ್ರೆ ನೀವು ಏನಂತ ಹೇಳ್ತೀರಿ?" ಎಂದರೆ 2 ಅಂಕ. ರೋಗಿ ತಪ್ಪು ಹೇಳಿದಾಗ ತಿದ್ದಿ, ಮತ್ತೆ ಹೇಳಿಸಿದರೆ ಪೂರ್ತಿ 4. ಇದಕ್ಕಾಗಿ ಶಾಂತಮ್ಮ ಮೊದಲ ಸಲ ಬೇಕೆಂದೇ ತಪ್ಪು ಹೇಳಬೇಕು: "ಕೆಂಪು ಮುಚ್ಚಳದ್ದು ತಂದು 30 ಹಾಕ್ಕೋಬೇಕು, ಅಲ್ವಾ ಸಿಸ್ಟರ್?" ವಿದ್ಯಾರ್ಥಿ ಏನು ಹೇಳಿದನೆಂಬುದಕ್ಕಿಂತ ರೋಗಿ ಏನು ಹಿಡಿದುಕೊಂಡು ಹೋದರೆಂಬುದು ಇಲ್ಲಿ ಬಯಲಾಗುತ್ತದೆ. ಇಡೀ ಹಾಳೆಯಲ್ಲಿ ಒಂದೇ ಸಾಲು ಉಳಿಸಿಕೊಳ್ಳಿ ಎಂದರೆ ನಾನು ಈ ಸಾಲನ್ನೇ ಉಳಿಸಿಕೊಳ್ಳುತ್ತೇನೆ.

ಹಾಳೆಯ ಕೆಳಗೆ ಒಂದು ಚೌಕ ಬೇರೆಯಾಗಿ ಇರಲಿ: ಅಪಾಯದ ತಪ್ಪು. "30 ಹಾಕ್ಕೊಳ್ಳಿ" ಅಂತ ಹೇಳಿದವರಿಗೆ ಅಲ್ಲಿ ಗುರುತು. ಉಳಿದದ್ದರಲ್ಲಿ 16 ಬಂದಿದ್ದರೂ ಅವರು ಈ ಪ್ರಕರಣವನ್ನು ಮತ್ತೆ ಮಾಡಬೇಕು. ಈ ನಿಯಮ ಪರೀಕ್ಷೆಗೆ ಮುಂಚೆಯೇ ಎಲ್ಲರಿಗೂ ಗೊತ್ತಿರಬೇಕು.

ಪರೀಕ್ಷಕರನ್ನು ಒಂದೇ ದಾರಿಗೆ ತರಲು ಸುಲಭದ ಉಪಾಯವಿದೆ. ಅಭ್ಯಾಸ ಸುತ್ತಿನ ಒಂದು ರೆಕಾರ್ಡಿಂಗ್ ಹಾಕಿ ಎಲ್ಲರೂ ಬೇರೆಬೇರೆಯಾಗಿ ಅಂಕ ಕೊಡಲಿ. ಒಬ್ಬರು 9, ಇನ್ನೊಬ್ಬರು 17 ಕೊಟ್ಟಿರುತ್ತಾರೆ, ನೋಡಿ. ಯಾವ ಸಾಲಿನಲ್ಲಿ ಬೇರೆಯಾದರು ಅಂತ ಮಾತಾಡಿ ಆ ಸಾಲನ್ನು ತಿದ್ದಿ ಬರೆಯಿರಿ. ಇದನ್ನು ಬಿಟ್ಟರೆ ಆಮೇಲೆ ಮರುಮೌಲ್ಯಮಾಪನದ ಅರ್ಜಿಗಳಿಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಒಂದೇ ಪ್ರಕರಣದ ಮೇಲೆ ಪಾಸು-ಫೇಲು ಬೇಡ. ಇನ್ಸುಲಿನ್ ವಿಷಯದಲ್ಲಿ ಚೆನ್ನಾಗಿ ಮಾತಾಡಿದವರು ಗರ್ಭಪಾತವಾದ ಹೆಣ್ಣುಮಗಳ ಮುಂದೆ ತಡಬಡಿಸಬಹುದು. ಆಸ್ಕಿಯಲ್ಲಿ ಅಷ್ಟೊಂದು ಟೇಬಲ್ ಇಡುವುದೇ ಅದಕ್ಕೆ.

7. ಕರೆ ಮುಗಿದ ಮೇಲೆ

ಮೊದಲು ಪಾತ್ರದಿಂದ ಹೊರಗೆ ಬನ್ನಿ. ಪಾತ್ರಧಾರಿ ತನ್ನ ನಿಜವಾದ ಹೆಸರು ಹೇಳಲಿ, ಕ್ಯಾಮೆರಾ ಒಂದು ನಿಮಿಷ ಬಂದ್ ಮಾಡಿ ನೀರು ಕುಡಿಯಲಿ. ಸಾವಿನ ಸುದ್ದಿಯಂಥ ಪ್ರಕರಣದಲ್ಲಿ ಇದನ್ನು ತಪ್ಪಿಸಬೇಡಿ. ತಾಯಿಯನ್ನು ಈಚೆಗೆ ಕಳೆದುಕೊಂಡ ವಿದ್ಯಾರ್ಥಿಗೆ ಅಂಥ ಕಥೆ ಕೊಡಲೂ ಬೇಡಿ, ಮೊದಲೇ ವಿಚಾರಿಸಿ.

ಆಮೇಲೆ ಸರದಿ ಹೀಗೆ: ವಿದ್ಯಾರ್ಥಿ, ರೋಗಿ, ಕೊನೆಗೆ ಮೇಷ್ಟ್ರು. ಮೇಷ್ಟ್ರು ಮೊದಲು ಬಾಯಿ ಬಿಟ್ಟರೆ ಉಳಿದಿಬ್ಬರೂ "ಹೌದು ಸಾರ್" ಎಂದು ಮುಗಿಸುತ್ತಾರೆ. ಪಾತ್ರಧಾರಿ ತೀರ್ಪು ಕೊಡಬಾರದು, ತನಗೆ ಅನ್ನಿಸಿದ್ದನ್ನು ಹೇಳಬೇಕು. "ಅವಳು ಚೆನ್ನಾಗಿ ಮಾಡಿದಳು" ಬೇಡ. "ಡಬ್ಬಿ ತರಲು ನಾನು ಎದ್ದು ಹೋದಾಗ ನಿಧಾನವಾಗಿ ಬನ್ನಿ ಅಂದಳು, ಆಗ ಭಯ ಹೋಯಿತು" ಎನ್ನುವ ಥರದ್ದು ಬೇಕು. ಇಡೀ ರೆಕಾರ್ಡಿಂಗ್ ಹಾಕಿ ಎಲ್ಲರನ್ನೂ ಕೊಲ್ಲಬೇಡಿ. ಅರ್ಧ ನಿಮಿಷದ ಒಂದು ತುಣುಕು, ಸಿರಿಂಜ್ ಕ್ಯಾಮೆರಾ ಮುಂದೆ ಬಂದ ಕ್ಷಣ ಅಥವಾ ಬರದೇ ಹೋದ ಕ್ಷಣ, ಅಷ್ಟು ಸಾಕು. ಅದೇ ತುಣುಕನ್ನು ಅಲ್ಲಿಂದಲೇ ಮತ್ತೊಮ್ಮೆ ಮಾಡಿಸಿ.

ರೆಕಾರ್ಡ್ ಮಾಡುವುದಾದರೆ ವಿದ್ಯಾರ್ಥಿಯದ್ದೂ ಪಾತ್ರಧಾರಿಯದ್ದೂ ಲಿಖಿತ ಒಪ್ಪಿಗೆ ಬೇಕು. ಯಾವ ದಿನ ಅಳಿಸುತ್ತೀರಿ ಅನ್ನುವುದೂ ಅದರಲ್ಲಿರಲಿ. ವಾಟ್ಸಾಪ್ ಗ್ರೂಪಿಗೆ ಹಾಕುವಂತಿಲ್ಲ, ಸುಮ್ನೆ ತಮಾಷೆಗೂ.

ಎಐ ರೋಗಿಯ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ರಾತ್ರಿ ಹತ್ತು ಗಂಟೆಗೆ ಹಾಸ್ಟೆಲಿನಲ್ಲಿ ಒಬ್ಬರೇ ಕೂತು ಪ್ರಶ್ನೆ ಕೇಳುವ ಅಭ್ಯಾಸಕ್ಕೆ ಬಳಸಲಿ, ತಪ್ಪೇನಿಲ್ಲ. ನಾನು ನೋಡಿದ ಮಟ್ಟಿಗೆ ಅದರ ಕನ್ನಡ ಗ್ರಾಂಥಿಕ. ಗುಟ್ಟನ್ನೂ ಜಾಸ್ತಿ ಹೊತ್ತು ಇಟ್ಟುಕೊಳ್ಳುವುದಿಲ್ಲ, ಸ್ವಲ್ಪ ಕೆದಕಿದರೆ ಎಲ್ಲ ಒದರಿಬಿಡುತ್ತದೆ. ಅಂಕ ಕೊಡುವ ಕೆಲಸವನ್ನಂತೂ ಅದಕ್ಕೆ ಬಿಡಬೇಡಿ.

8. ಎರಡನೇ ಕಥೆ ಕೈಯಲ್ಲಿರಲಿ

ಮೊದಲ ತಂಡ ಹೊರಬಿದ್ದ ಹತ್ತು ನಿಮಿಷಕ್ಕೆ "ಕಿತ್ತಳೆ ಸಿರಿಂಜ್" ಅನ್ನುವುದು ಹಾಸ್ಟೆಲ್ ತುಂಬ ಹರಡಿರುತ್ತದೆ. ತಡೆಯಲು ಆಗುವುದಿಲ್ಲ. ಅದಕ್ಕೇ ಅದೇ ಶಾಂತಮ್ಮ, ಅದೇ ಚೀಟಿ, ಗುಟ್ಟು ಮಾತ್ರ ಬೇರೆ ಇರುವ ಇನ್ನೊಂದು ಕಥೆ ಬರೆದಿಟ್ಟುಕೊಳ್ಳಿ. ಈ ಸಲ ಸಿರಿಂಜ್ ಸರಿಯಾಗಿದೆ. ಆದರೆ ಶನಿವಾರ ಒಪ್ಪತ್ತು. ರಾತ್ರಿ ಊಟವಿಲ್ಲ, ಇನ್ಸುಲಿನ್ ಮಾತ್ರ ತಪ್ಪಿಸಿಲ್ಲ. ಬೆವರು, ಕೈ ನಡುಕ ಬಂದಾಗ ಹೆದರಿ ಸಿಹಿ ತಿಂದು, ಆಮೇಲೆ ಎರಡು ದಿನ ಇನ್ಸುಲಿನ್ ಮುಟ್ಟುವುದೇ ಇಲ್ಲ. ಸಕ್ಕರೆ ಏರುವುದು ಹಾಗೆ. ಸಿರಿಂಜ್ ಹುಡುಕಿಕೊಂಡು ಬಂದವರು ಇಲ್ಲಿ ಬರಿಗೈಲಿ ಹೋಗುತ್ತಾರೆ. "ವಾರದಲ್ಲಿ ಯಾವತ್ತಾದ್ರೂ ಊಟ ಬಿಡ್ತೀರಾ?" ಎಂದು ಕೇಳಿದವರಿಗೆ ಬಾಗಿಲು ತೆರೆಯುತ್ತದೆ. ಒಪ್ಪತ್ತು ಬಿಡಿ ಎಂದು ಗದರಿಸದೆ, ಆ ದಿನದ ಡೋಸ್ ಬಗ್ಗೆ ಡಾಕ್ಟರ ಹತ್ತಿರ ಕೇಳೋಣ, ನಡುಕ ಬಂದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ ಎಂದು ಹೇಳಿದರೆ ಸರಿ.

ಫಲಿತಾಂಶ ಬಂದ ಮೇಲೆ ಒಬ್ಬೊಬ್ಬರ ಒಟ್ಟು ಅಂಕಕ್ಕಿಂತ ಮೊದಲು ಹಾಳೆಯ ಸಾಲುಗಳನ್ನು ಅಡ್ಡಡ್ಡ ನೋಡಿ. ಇಡೀ ತರಗತಿ ಒಂದೇ ಸಾಲಿನಲ್ಲಿ ಬಿದ್ದಿದ್ದರೆ ಅದು ನಾವು ಕಲಿಸದ ಪಾಠ. ಅದನ್ನು ಮುಂದಿನ ವಾರವೇ ತೆಗೆದುಕೊಳ್ಳಿ. ಮತ್ತೆ ಮಾಡಬೇಕಾದವರನ್ನು ಆ ಪಾಠ ಆದ ಮೇಲೆ, ಎರಡನೇ ಕಥೆಯ ಜೊತೆ ಕರೆಯಿರಿ.